ಒದ್ದೆ ಬಟ್ಟೆಯ ಗುರುತು

ದಿನಾ ಬೆಳಿಗ್ಗೆ ಕಮಲಾಕ್ಷಿ ಸಿಲಿಂಡರಿನ ಮೈಗೆ ಒದ್ದೆ ಬಟ್ಟೆ ಸವರಿ, ಎಲ್ಲಿಯವರೆಗೆ ಬೇಗ ಆರುತ್ತದೆಂದು ನೋಡುತ್ತಾಳೆ. ಕೆಳಗೆ ಆರದೆ ಉಳಿದಷ್ಟೇ ಗ್ಯಾಸು. ಇವತ್ತು ಅದು ನಾಲ್ಕು ಬೆರಳಷ್ಟಿತ್ತು. ಹೊಸ ಸಿಲಿಂಡರು ಸಂಬಳ ಬಂದ ಮೇಲೆಯೇ. ಅದಕ್ಕಿನ್ನೂ ಹನ್ನೊಂದು ದಿನ.

"ಏನಕ್ಕಾ, ಬಹಳ ತೆಳ್ಳಗಾದೆಯಲ್ಲ!" ಎಂದು ಕುಕ್ಕರು ಸಿಲಿಂಡರನ್ನು ನೋಡಿ ನಕ್ಕಿತು.

"ನಗಬೇಡ ತಮ್ಮಾ. ನಿನ್ನ ಒಂದೊಂದು ಸೀಟಿಗೂ ನನ್ನ ಜೀವ ಹಾರುತ್ತದೆ. ನಾನು ಮುಗಿದ ದಿನ ನಿನ್ನೊಳಗೆ ಹಸಿ ಅಕ್ಕಿ ಹಾಗೇ ಕೂತಿರುತ್ತದೆ."

ಕುಕ್ಕರಿನ ನಗು ನಿಂತಿತು.

ಅಷ್ಟರಲ್ಲಿ ನಾದಿನಿ ಮಕ್ಕಳೊಂದಿಗೆ ಬಂದಳು. ಅವಳ ಮುಂದೆ ಬರೀ ತಿಳಿಸಾರು ಬಡಿಸಲು ನಾಚಿದ ಕಮಲಾಕ್ಷಿ, ನೆನೆಸದ ಕಡಲೆಯನ್ನೇ ಕುಕ್ಕರಿಗೆ ಸುರಿದಳು. ಅದು ಬೇಯಲು ಹತ್ತು ಸೀಟಿಯಾದರೂ ಬೇಕು.

"ತಮ್ಮಾ, ಮೂರಕ್ಕೇ ನಿಲ್ಲಿಸಿಬಿಡೋ," ಎಂದು ಸಿಲಿಂಡರು ಬೇಡಿಕೊಂಡಿತು.

ಕುಕ್ಕರಿನ ಬಾಯಿಗೆ ಆಗಲೇ ಮುಚ್ಚಳ ಬಿದ್ದಿತ್ತು.