ಹೆಬ್ಬೆರಳಿನ ಕೆಳಗಿನ ನಂಬರು

ಬಾಳವ್ವನ ರಾಶಿ ಮಷಿನ್ನಿನ ಬೇರಿಂಗು ಹೋಯಿತು. ಕಣದಲ್ಲಿ ಜೋಳ ಬಿದ್ದಿತ್ತು, ಮೇಲೆ ಮೋಡ ಕೂಡುತ್ತಿತ್ತು. ಹಳೆಯ ಬೇರಿಂಗನ್ನು ಸೆರಗಿಗೆ ಕಟ್ಟಿಕೊಂಡು ಪೇಟೆಗೆ ಬಂದಳು.

ಬಿಡಿಭಾಗದ ಅಂಗಡಿಯ ಪರಪ್ಪ ಸಾವ್ಕಾರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ದೊಡ್ಡ ಡಾಕ್ಟರನಂತೆ ತಲೆಯಾಡಿಸಿದ. "ಇದು ಬಿಡಿಯಾಗಿ ಸಿಗಂಗಿಲ್ಲವ್ವ. ಕಂಪನಿಯಿಂದ ಪೂರ್ತಿ ಸೆಟ್ಟೇ ತರಿಸಬೇಕು. ಎಂಟು ದಿನ ಹಿಡೀತೈತಿ."

ಬಾಳವ್ವ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಬೇರಿಂಗು ಎಷ್ಟು ತಿರುಗಿದರೂ ಅವನ ಹೆಬ್ಬೆರಳು ಅದರ ಒಂದೇ ಜಾಗಕ್ಕೆ ಅಂಟಿಕೊಂಡಿತ್ತು.

ಬೇರಿಂಗನ್ನು ಮರಳಿ ಇಸಿದುಕೊಂಡು, ಎದುರಿನ ಸೈಕಲ್ ಅಂಗಡಿಯಲ್ಲಿ ಸೀಮೆಎಣ್ಣೆ ಕೇಳಿ ಆ ಜಾಗ ಒರೆಸಿದಳು. ಜಿಡ್ಡಿನ ಕೆಳಗೆ 6206 ಎಂದು ಕೆತ್ತಿತ್ತು.

ತಿರುಗಿ ಬಂದು, "ಸಾವ್ಕಾರ್ರ, ಹಿಟ್ಟಿನ ಗಿರಣಿಗೊಂದು 6206 ಕೊಡ್ರಿ" ಅಂದಳು.

ಅವನಿಗೆ ಗುಮಾನಿ. "ಆಗ ರಾಶಿ ಮಷಿನ್, ಈಗ ಗಿರಣಿ?"

"ಪ್ಯಾಟಿಗೆ ಹೊಂಟೋರಿಗೆ ಓಣಿ ಮಂದಿ ಏನರ ತರಾಕ ಹೇಳದ ಸುಮ್ಮನ ಬಿಡ್ತಾರೇನ್ರಿ? ಆದ್ರ ಗಿರಣಿ ಯಾವ ಕಂಪನೀದೋ ಗೊತ್ತಿಲ್ಲ. ಇದು ಕೂಡತೈತೋ ಇಲ್ಲೋ?"

ಸಾವ್ಕಾರನಿಗೆ ತನ್ನ ಜಾಣತನ ತಡೆಯಲಾಗಲಿಲ್ಲ. "ಕಂಪನಿ ಯಾವುದಾದ್ರೇನು? ನಂಬರ್ ಒಂದಾದ್ರ ಅಳತಿ ಒಂದ. ಕಣ್ಣು ಮುಚ್ಚಿ ಹಾಕು."

ಬಾಳವ್ವ ದುಡ್ಡು ಕೊಟ್ಟು, ಹೊಸದನ್ನು ಅಲ್ಲೇ ಹಳೆಯದರ ಮೇಲಿಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸಾವ್ಕಾರನ ಹೆಬ್ಬೆರಳು ತಾನಾಗಿಯೇ ಮುಂದೆ ಬಂದು ಗಾಳಿಯಲ್ಲಿ ನಿಂತಿತು.

"ಗಿರಣಿಗೆ ಅಂದಿದ್ದಿಯಲ್ಲ?"

"ಹೌದ್ರಿ. ರಾಶಿ ಆದ ಜ್ವಾಳ ಮತ್ತೆಲ್ಲಿಗೆ ಹೋಗತೈತ್ರಿ?" ಅಂದು ಬಾಳವ್ವ ಎರಡನ್ನೂ ಸೆರಗಿಗೆ ಕಟ್ಟಿದಳು.