ಮಡಿಲು ತುಂಬಿಸಿಕೊಂಡ ಅಬ್ಬಿ

ಒಲೆ ಮುಟ್ಟಿ ಆಣೆ ಮಾಡು ಸುಬ್ಬೀ, ಯಾರಿಗೂ ಹೇಳಲ್ಲ ಅಂತ. ಮಾಡಿದ್ಯಾ? ಹಂಗಾದ್ರೆ ಕೇಳು.

ಒಂದಾನೊಂದು ಊರಲ್ಲಿ, ಅಂದ್ರೆ ನಮ್ಮೂರಲ್ಲೇ, ಬಟ್ಟೆ ಒಗೆಯೋ ಚೆಲುವಾಜಮ್ಮ ಅಂತ ಒಬ್ಬಳು. ಪಕ್ಕದ ಮನೆಯೋಳು ಕಣೇ. ನನ್ನ ಈಳಿಗೆಮಣೆ ಇಸ್ಕೊಂಡೋಗಿ ಇವತ್ತಿಗೂ ಕೊಟ್ಟಿಲ್ವಲ್ಲ, ಅವಳೇ. ಗಂಡ ಸತ್ತಾಗ್ಲೂ ಒಂದು ಹನಿ ಕಣ್ಣೀರು ಹಾಕ್ದೋಳಲ್ಲ. ಮಕ್ಕಳಿಲ್ಲ, ಮರಿಯಿಲ್ಲ. ಮಾತಿಗೆ ಅಂತ ಇದ್ದದ್ದು ಬೆಟ್ಟದಿಂದ ನೀರು ಧುಮುಕೋ ಅಬ್ಬಿ ಒಂದೇ. ಅದು ಬಂಡೆ ಮೇಲಿಂದ ಧೋ ಅಂತ ಬೀಳೋದು, ಇವಳು ಕೆಳಗೆ ಬಟ್ಟೆ ಕುಕ್ಕೋದು, ಒಬ್ರ ಮಾತು ಒಬ್ರಿಗೆ ಕೇಳ್ದಂಗೆ ಇಬ್ರೂ ಹರಟೋದು.

ಒಂದು ದಿನ ಅಬ್ಬಿ ಬೀಳಲಿಲ್ಲ. ಬಂಡೆ ತುದೀಲಿ ನಿಂತುಬಿಡ್ತು.

ಅಬ್ಬಿ ಸದ್ದು ಕೇಳ್ತಾ ಮಲಗೋ ನಮ್ಮ ಅರಸನ ನಿದ್ದೆ ಆ ರಾತ್ರಿ ಹೋಯ್ತು. ಅಬ್ಬಿ ಸದ್ದಿಲ್ದೆ ಅವನಿಗೆ ತನ್ನ ಮೀಸೆ ಬೆಳೆಯೋ ಸದ್ದು ಕೇಳಕ್ಕೆ ಶುರುವಾಯ್ತು. ಕೆರ್ ಕೆರ್ ಕೆರ್.

"ಸಂಜೆಯೊಳಗೆ ಅದು ಬೀಳ್ದಿದ್ರೆ ಬಂಡೇನ ಒಡೆದು ಚಾಪೆ ಹಂಗೆ ಹಾಸಿಬಿಡಿ! ನಡ್ಕೊಂಡಾದ್ರೂ ಬರ್ಲಿ!" ಅಂತ ಬೆಳಗಾಗ್ತಿದ್ದಂಗೆ ಅಂದ.

ಈ ಸುದ್ದಿ ಚೆಲುವಾಜಮ್ಮನ ಕಿವಿಗೆ ಬಿತ್ತು. ಹಾಸಿದ ಬಂಡೆ ಮೇಲಿಂದ ಯಾವ ಅಬ್ಬಿ ಬೀಳತ್ತೆ? ನಾಳೆಯಿಂದ ಯಾರ ಜೊತೆ ಮಾತು? ರೊಟ್ಟಿ ಕಟ್ಕೊಂಡು ಆಗಲೇ ಬೆಟ್ಟ ಹತ್ತಿದ್ಲು.

ದಾರೀಲಿ ಒಂದು ಕಡಿದಾದ ಬಂಡೆ. "ಅವ್ವಾ, ಕೆಳಗೆ ನೋಡ್ಬೇಡ. ನೀನು ನೋಡಿದ್ರೆ ನಂಗೆ ತಲೆ ಸುತ್ತತ್ತೆ" ಅಂತು.

"ಬಂಡೆಯಾಗಿ ಹುಟ್ಟಿ ನಾಚಿಕೆ ಆಗಲ್ವೇನೋ?" ಅಂತ ಬೈದ್ಲು. ಆದ್ರೂ ಸೆರಗಲ್ಲಿ ಅದರ ಕಣ್ಣು ಮುಚ್ಚಿ ದಾಟಿದ್ಲು.

ಮುಂದೆ ಸಣ್ಣ ಸಣ್ಣ ಅಬ್ಬಿಗಳು ಅಂಚಲ್ಲಿ ಕಾಲು ಇಳಿಬಿಟ್ಕೊಂಡು ಕೂತಿದ್ವು.

"ನೀವ್ಯಾಕ್ರೇ ಬಿದ್ದಿಲ್ಲ?"

"ಅಕ್ಕ ಇನ್ನೂ ಹೋಗಿಲ್ಲ. ತಂಗಿಯರು ಮೊದ್ಲು ಹೋಗಕ್ಕಾಗತ್ತಾ?"

ಅದೂ ಸರಿಯೇ ಅನ್ನಿಸ್ತು.

ತುದೀಗೆ ಹೋದ್ರೆ ದೊಡ್ಡಬ್ಬಿ ಮಂಡಿಗೆ ಮುಖ ಇಟ್ಕೊಂಡು ಕೂತವ್ಳೆ.

"ಏನಾಯ್ತೇ?"

"ಮೊನ್ನೆ ಒಬ್ಬಳು ಮದುವೆ ಹೆಣ್ಣು ಈ ದಾರೀಲಿ ಗಂಡನ ಮನೆಗೆ ಹೋದ್ಲು. ಮಡಿಲು ತುಂಬಿತ್ತು. ಅವರಮ್ಮ ಅಳ್ತಿದ್ಲು. ನಾನು ದಿನಾ ಹೋಗ್ತೀನಿ. ನಂಗ್ಯಾರು ಮಡಿಲು ತುಂಬಿದ್ರು? ನಂಗ್ಯಾರು ಅತ್ರು?"

ಹೊತ್ತು ಇಳೀತಿತ್ತು. ಅಕ್ಕಿ ಇಲ್ಲ, ಕಾಯಿ ಇಲ್ಲ. ಚೆಲುವಾಜಮ್ಮ ಸೆರಗು ಹರಿದು ಅಬ್ಬಿ ಸೊಂಟಕ್ಕೆ ಸುತ್ತಿದ್ಲು. ಅದರೊಳಗೆ ಅರ್ಧ ರೊಟ್ಟಿ, ತನ್ನ ಎಲೆ ಅಡಿಕೆ ಹಾಕಿ ಗಂಟು ಬಿಗಿದ್ಲು. ಗಂಟು ಸೋರ್ತಿತ್ತು. ಸೋರ್ಲಿ ಬಿಡು.

"ಈಗ ಅಳು" ಅಂದ್ಲು ಅಬ್ಬಿ.

ಇವಳು ಮುಖ ಹಿಂಡಿದ್ಲು, ಮೂಗು ತಿಕ್ಕಿದ್ಲು. ಊಹೂಂ, ಬರಲಿಲ್ಲ. ಸೋತು, "ಹುಷಾರಾಗಿ ಹೋಗ್ಬಾ ಮಗಳೇ" ಅಂದ್ಲು. ಆ ಮಾತು ಅವಳ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ. ಬಂದಿದ್ದೇ ತಡ, ಕಣ್ಣು ತುಂಬಿ ಒಂದು ಹನಿ ಟಪ್ ಅಂತ ಅಬ್ಬಿ ಮೇಲೆ ಬಿತ್ತು.

"ಗೌರಿಹಬ್ಬಕ್ಕೆ ಕರೀತೀಯೇನವ್ವಾ?"

"ಕರೀದೆ ಇರ್ತೀನಾ?"

ಧೋ! ಅಬ್ಬಿ ಬಿದ್ಲು. ಹಿಂದೆಯೇ ತಂಗಿಯರೂ ಬಿದ್ರು. ಅಲ್ಲಿ ಅರಸ "ಬಂಡೆ ಹಾಸ್ರೋ" ಅನ್ನಕ್ಕೆ ಬಾಯಿ ತೆಗೆದೋನು ಹಂಗೇ ಗೊರಕೆ ಹೊಡೆದ.

ಚೆಲುವಾಜಮ್ಮ ಅತ್ಲು ಅಂತ ಎಲ್ಲೂ ಬಾಯಿ ಬಿಡಬೇಡ, ಬಿಟ್ರೆ ನನ್ನ ಈಳಿಗೆಮಣೆ ವಾಪಸ್ ಬರಲ್ಲ. ಇದರಿಂದ ತಿಳ್ಕೋಬೇಕಾದ್ದು ಏನಪ್ಪಾ ಅಂದ್ರೆ, ಬೆಟ್ಟ ಹತ್ತೋರು ರೊಟ್ಟಿ ಪೂರ್ತಿ ತಿನ್ನಬಾರ್ದು. ಮತ್ತೆ...

ಶ್! ಬಾಗಿಲ ಹತ್ರ ಯಾರೋ ಬಂದ್ರು. ಇವತ್ತು ಗೌರಿಹಬ್ಬ ಅಲ್ವೇನೇ? ಬೆಳಗ್ಗೆಯಿಂದ ಅಬ್ಬಿ ಸದ್ದೇ ಇಲ್ಲ! ಅಯ್ಯೋ, ಹೊಸ್ತಿಲೆಲ್ಲ ಒದ್ದೆ... ನಿಮ್ಮವ್ವಂದು ಪಕ್ಕದ ಮನೆ ಕಣವ್ವಾ, ಪಕ್ಕದ ಮನೆ! ಸುಬ್ಬೀ, ಚಾಪೆ ಎತ್ತೇ, ಬೇಗ...