ಗೋಡೆಯ ಹೊರಗೆ ಕಟ್ಟಿದ ಮಾಲೆ

ಮಹಾತ್ಮರು ಯಾವ ಸೀಮೆಯವರಾದರೇನು, ಅವರನ್ನು ನೆನೆದ ಮನಸ್ಸು ತಣ್ಣಗಾಗುತ್ತದೆ. ತುರ್ಕರ ಸುಲ್ತಾನರು ಆಳುತ್ತಿದ್ದ ಕಾಲದಲ್ಲಿ, ಏಜಿಯನ್ ಕಡಲ ದಡದ ಆಲ್ತಿನ್‌ಕೊಯ್ ಎಂಬ ಊರಿನಲ್ಲಿ ಪೂಜ್ಯ ನೆಜಿಪ್ ದೇದೆಯವರು ವಾಸವಾಗಿದ್ದರು. ದೇದೆ ಎಂದರೆ ಅಲ್ಲಿಯ ಮಾತಿನಲ್ಲಿ ಅಜ್ಜ. ತುರ್ಕರ ಮೇಲಿನ ಬೀದಿಯ ಕೊನೆಗೆ, ಬೆಟ್ಟದ ತಪ್ಪಲಲ್ಲೊಂದು ಕಲ್ಲಿನ ಗುಡಿಸಲು, ಕುರಿತೊಗಲಿನ ಹಾಸಿಗೆ, ಅಂಗಳದಲ್ಲಿ ಒಂದು ಕಾಡು ಅಂಜೂರದ ಮರ. ಅವರ ಸಂಸಾರ ಅಷ್ಟೇ.

ಆ ಮರದ ಕಾಯಿಯನ್ನು ಯಾರೂ ಬಾಯಿಗಿಡುವಂತಿರಲಿಲ್ಲ. ಆದರೂ ಊರಿಗೆಲ್ಲ ಅದು ಬೇಕು. ಕಾರಣ, ಆ ಸೀಮೆಯ ಸಿಹಿ ಅಂಜೂರ ತಾನಾಗಿ ಹಣ್ಣಾಗದು. ಕಾಡು ಕಾಯಿಯೊಳಗೆ ಸಾಸಿವೆಗಿಂತ ಸಣ್ಣ, ರೆಕ್ಕೆಯ ಹುಳಗಳಿರುತ್ತವೆ. ಬೇಸಿಗೆ ಹತ್ತುವಾಗ ಆ ಕಾಯಿಗಳನ್ನು ಜೊಂಡಿನ ಹುರಿಯಲ್ಲಿ ಪೋಣಿಸಿ ಸಿಹಿ ಮರಕ್ಕೆ ಮಾಲೆ ಹಾಕಬೇಕು. ಹುಳ ಬಂದು ಹೊಕ್ಕರೆ ಕಾಯಿ ನಿಲ್ಲುತ್ತದೆ. ಇಲ್ಲದಿದ್ದರೆ ಹಸಿರಾಗಿಯೇ ಉದುರುತ್ತದೆ. ಅತ್ತಿಹಣ್ಣು ಬಿಚ್ಚಿದರೆ ಹುಳ ಎಂದು ನಾವು ಮೂಗು ಮುರಿಯುತ್ತೇವೆ. ಅಲ್ಲಿ ಆ ಹುಳವೇ ಅನ್ನದಾತ.

ಕೆಳಗಿನ ಬೀದಿಯ ಗ್ರೀಕರ ಹೆಣ್ಣುಮಗಳು ಸ್ಮಾರಾಗ್ದಾ ಮಾತ್ರ ಆ ಮಾಲೆಯನ್ನು ಮುಟ್ಟುತ್ತಿರಲಿಲ್ಲ. ಗ್ರೀಕರು ಸುಲ್ತಾನರ ವಿರುದ್ಧ ದಂಗೆಯೆದ್ದ ವರ್ಷ ಮೇಲಿನ ಬೀದಿಯ ತುರ್ಕ ಕಾವಲುಗಾರ ಹಾಲಿತ್, ದಂಗೆಕೋರನ ಮನೆಯೆಂದು ಅವಳ ಬಾಗಿಲಿನತ್ತ ಬೆರಳು ತೋರಿಸಿದ್ದ. ಸಿಪಾಯಿಗಳು ಎಳೆದೊಯ್ದ ಗಂಡ ಮರಳಿ ಬರಲಿಲ್ಲ. ಅಂದಿನಿಂದ ಅವಳ ತೋಟದ ಕಾಯಿಗಳೆಲ್ಲ ನೆಲದ ಪಾಲು. ಚಳಿಗಾಲಕ್ಕೆ ಒಣ ಅಂಜೂರವಲ್ಲದೆ ಬೇರೆ ಆಹಾರವಿಲ್ಲ, ಹಿಂದೆ ಕೂಡಿಟ್ಟದ್ದೂ ಮುಗಿದಿತ್ತು. ಈ ಬೇಸಿಗೆಯೂ ಉದುರಿದರೆ ತೋಟ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಇಜ್ಮಿರ್ ಪಟ್ಟಣದಲ್ಲಿ ಕಂಡವರ ಮನೆಯ ಪಾತ್ರೆ ತಿಕ್ಕಬೇಕು.

"ಸತ್ತವನು ನನ್ನ ಮಗ ಕಣೇ. ನಾನೇ ಹೇಳ್ತಿದ್ದೀನಿ, ಹೋಗಿ ಮಾಲೆ ತಗೊಂಡು ಬಾ," ಎಂದಳು ಅತ್ತೆ. "ಹಟ ಬೇಯಿಸಿ ಮಕ್ಕಳಿಗೆ ಬಡಿಸ್ತೀಯಾ?"

"ಆ ಬೀದಿಯ ಹುಳವೂ ನನ್ನ ಗೋಡೆ ದಾಟಕೂಡದು, ಅತ್ತೆ."

ಒಂದು ಬೆಳಗ್ಗೆ ದೇದೆಯವರೇ ಹೆಗಲ ಮೇಲೆ ಮಾಲೆಗಳನ್ನು ಹೊತ್ತು ಬಂದರು. ಅವಳು ಅವನ್ನು ಕಿತ್ತುಕೊಂಡು ಧೂಳಿಗೆಸೆದಳು.

"ಅಂದು ನಿಮ್ಮವರು ಬೆರಳು ತೋರಿಸಿದರು. ಇಂದು ಮಾಲೆ ಹಾಕೋಕೆ ಬಂದಿರಾ, ಅಜ್ಜ?"

ದೇದೆಯವರು ದಾರಿಯಲ್ಲೇ ಕುಳಿತು ಒಂದೊಂದು ಕಾಯಿಯ ಧೂಳನ್ನೂ ಊದಿದರು. "ಬೇಡ ಅಂದವರ ಬಾಗಿಲು ನಾನು ದಾಟಲಾರೆ, ಮಗಳೇ. ದಾರಿ ಮಾತ್ರ ಎಲ್ಲರದು," ಎಂದು ಮಾಲೆಗಳನ್ನು ಗೋಡೆಯ ಹೊರಮೈಗೆ ಕಟ್ಟಿ ಹೋದರು. ಮತ್ತೆ ಬಂದರು, ಬಾಡಿದ್ದನ್ನು ತೆಗೆದು ಹೊಸದನ್ನು ಕಟ್ಟಿದರು. ಅವಳು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದಳು. ಕಿತ್ತೆಸೆಯಲು ಹೊರಟವಳು ಪ್ರತಿ ಸಲವೂ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದಳು.

ಒಂದು ದಿನ ತೋಟದಲ್ಲಿ ಹಸಿರು ಕಾಯಿಯೊಂದರ ಬಾಯಲ್ಲಿ ಕರಿ ಚುಕ್ಕೆ ಕಂಡಿತು, ಗೋಡೆ ದಾಟಿ ಬಂದ ಹುಳ. ಉಜ್ಜಿಹಾಕಲು ಬೆರಳು ಚಾಚಿದಳು. ಆ ಪುಟ್ಟ ಜೀವ ಕಿರಿದಾದ ಬಾಯಲ್ಲಿ ನುಸುಳುತ್ತ ತನ್ನ ರೆಕ್ಕೆಗಳನ್ನೇ ಹೊರಗೆ ಕಳಚಿ ಒಳಗಿಳಿಯಿತು. ಇನ್ನು ಹೊರಗೆ ಬರುವ ಜೀವವಲ್ಲ ಅದು. ಚಾಚಿದ ಬೆರಳು ಹಾಗೇ ಉಳಿಯಿತು. ಗಂಡ ಹೋದ ದಿನ ಬಾರದ ಅಳು ಆ ಮರದಡಿ ಬಂತು.

ಆ ವರ್ಷ ಕೊಂಬೆಗಳು ಬಾಗಿದವು. ಮೊದಲ ಬುಟ್ಟಿಯನ್ನು ಗುಡಿಸಲ ಮುಂದಿಟ್ಟು ಕೇಳಿದಳು: "ಅಷ್ಟು ಅಂದೆನಲ್ಲ, ಆದರೂ ಯಾಕೆ ಬಂದಿರಿ ಅಜ್ಜ?"

ದೇದೆಯವರು ಹಣ್ಣನ್ನು ಸೀಳಿ ಅರ್ಧ ಅವಳ ಕೈಗಿಟ್ಟರು. "ಗಾಳಿ ನಿನ್ನ ಕಡೆಗೇ ಬೀಸುತ್ತಿತ್ತು, ಮಗಳೇ."

ಮರುವರ್ಷ ಅವರು ಹಾಸಿಗೆ ಬಿಟ್ಟೇಳಲಿಲ್ಲ. ಮಾಲೆ ಪೋಣಿಸಿ ಎರಡೂ ಬೀದಿಗಳಿಗೆ ಹಂಚಿದವಳು ಸ್ಮಾರಾಗ್ದಾ. ಕೊನೆಯದನ್ನು ಹಿಡಿದು ಹಾಲಿತ್‌ನ ತೋಟದ ಮುಂದೆ ಬಹಳ ಹೊತ್ತು ನಿಂತಳು. ಬಳಿಕ ಗೋಡೆಯ ಹೊರಮೈಗೆ ಕಟ್ಟತೊಡಗಿದಳು. ಒಳಗಿದ್ದ ಹಾಲಿತ್ ತಲೆ ಎತ್ತಲಾರದೆ ಬಾಗಿಲು ತೆರೆದ.

"ಒಳಗೆ ಬಾ, ತಂಗಿ."

"ಇವತ್ತು ಬೇಡ," ಎಂದಳು ಅವಳು, ಗಂಟನ್ನು ಬಿಗಿಯುತ್ತ. "ಇದು ಬಾಡಿದ ಮೇಲೆ ಹೊಸದು ಕಟ್ಟಬೇಕಲ್ಲ, ಮತ್ತೆ ಬರ್ತೀನಿ."